ಟವೆಲ್ ಕೆಳಗಿನ ಬೆರಳು

ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಓರಗಿತ್ತಿಯರು ಖಾಲಿ ಈರುಳ್ಳಿ ಚೀಲಗಳನ್ನು ಮಡಿಸುತ್ತ ಕುಳಿತಿದ್ದರು. ನಾನು ಓದುವವಳ ಹಾಗೆ ತಲೆ ತಗ್ಗಿಸಿದೆ.

"ನಿನ್ನ ಕಂಡ್ರೆ ಹೊಟ್ಟೆ ಉರಿಯುತ್ತಕ್ಕಾ," ಎಂದಳು ಕಿರಿಯವಳು.

"ನನ್ನ ಹತ್ರ ಏನಿದೆ ಅಂತ ಕಣೇ?"

"ದಲ್ಲಾಳಿ ಯಾರಿಗೂ ಕಾಣದ ಹಾಗೆ ಟವೆಲ್ ಕೆಳಗೆ ಬೆರಳು ಹಿಡಿದು ಒಪ್ಪಿದ ಬೆಲೆ ಕೊಡ್ಲಿಲ್ಲ ಅಂತ ನೀನು ಅಂದೆ. ನೀನು ಅಂದಿದ್ದೇ ತಡ, ಮನೆಯವರೆಲ್ಲ ಈರುಳ್ಳಿ ಮಂಡಿ ಮುಂದೆ ಧರಣಿ ಕೂತ್ರು."

"ಬೆಳೆದೋರಿಗೆ ನ್ಯಾಯದ ಬೆಲೆ ಬೇಡ್ವಾ?"

"ಬೇಕು. ಅದೇ ದಲ್ಲಾಳಿ ಗೋದಾಮಲ್ಲಿ ನನ್ನ ಮೈಮೇಲೆ ಬಿದ್ದ ಅಂತ ನಾನು ಅಂದಾಗ, 'ಯಾರು ನೋಡಿದ್ರು?' ಅಂದ್ರಿ ಎಲ್ರೂ. ನೀನೂ ಅಂದೆ. ಟವೆಲ್ ಕೆಳಗಿನ ಬೆರಳು ಯಾರು ನೋಡಿದ್ರಕ್ಕಾ?"

ಹಿರಿಯವಳು ಮಡಿಸುತ್ತಿದ್ದ ಚೀಲವನ್ನು ಕೆಳಗಿಟ್ಟಳು. ಆಮೇಲೆ ಎದ್ದಳು. "ನಡಿ, ಪೊಲೀಸ್ ಸ್ಟೇಷನ್ನಿಗೆ. ನಾನು ಹೇಳ್ತೀನಿ, ನಂಬ್ತಾರೆ."

"ಇದನ್ನೂ ನೀನೇ ಹೇಳ್ಬೇಡ. ನಾನು ಹೇಳ್ತೀನಿ, ನೀನು ಪಕ್ಕದಲ್ಲಿರು."

ಬಂದ ಬಸ್ಸನ್ನು ಬಿಟ್ಟು ಇಬ್ಬರೂ ರಸ್ತೆ ದಾಟಿದರು. ಕಿರಿಯವಳು ಮುಂದಿದ್ದಳು.