ಗವಿಯ ಬಾಯಿಗೆ ಕಲ್ಲು

ಕಂದೀಲು ಸಣ್ಣ ಮಾಡಿ. ನಗುವವರಿದ್ದರೆ ಈಗಲೇ ಎದ್ದು ಹೋಗಿ. ಇದು ನನ್ನ ಚಿಕ್ಕಪ್ಪನ ಮಗ ಬೀರಲಿಂಗೇಶನಿಗೆ ಆದದ್ದು, ಕಟ್ಟಿದ ಕತೆಯಲ್ಲ.

ಕೊಟ್ಟೂರು ಸಂತೆಯಲ್ಲಿ ಟಗರು ಮಾರಿ ಅವನು ರಾತ್ರಿ ಒಬ್ಬನೇ ನಡೆದು ಬರುತ್ತಿದ್ದ. ಊರು ಸೇರಬೇಕಾದರೆ ಗುಡ್ಡದ ಕೆಳಗಿನ ಹಾಳುಬಾವಿ ದಾಟಬೇಕು. ದಾಟಿದ... ಹಿಂದೆ ಸದ್ದು. ಕರ್ರ್... ಕರ್ರ್... ಕಲ್ಲಿನ ಮೇಲೆ ಉಗುರು ಎಳೆದ ಸದ್ದು. ನಿಂತ. ಈಗ ನೆಲದೊಳಗಿಂದ, ಸಣ್ಣಗೆ... ಕುಂಯ್... ಕುಂಯ್...

ಏನೆಂದು ಅವನಿಗೆ ಗೊತ್ತಾಯಿತು. ಗೊತ್ತಾಗದೆ ಏನು? ಬಾವಿ ಪಕ್ಕದ ತೋಳದ ಗವಿಗೆ ಕಲ್ಲು ಬಡಿದು ಮುಚ್ಚಿದವನೇ ಅವನು!

ಮೆಕ್ಕೆಜೋಳದ ಹುಚ್ಚು ಹತ್ತಿದ ಕಾಲ ಅದು. ಟ್ರ್ಯಾಕ್ಟರ್ ತಂದು ಗುಡ್ಡದ ಬುಡದವರೆಗೂ ಉತ್ತರು. ಕಾರೆಮುಳ್ಳಿನ ಕಂಟಿ ಒಂದೂ ಉಳಿಸಲಿಲ್ಲ. ಮೊಲ ಹೋಯಿತು, ಚಿಗರಿ ಹೋಯಿತು. ಹಸಿದ ತೋಳ ಕುರಿರೊಪ್ಪಕ್ಕೆ ಬಂದು ಮರಿ ಒಯ್ದಿತು. ಗುಡ್ಡ ನುಂಗಿದವರು ನಾವು, ಮೊಲ ತಿಂದವರು ನಾವು. ಕಳ್ಳ ಅನ್ನೋ ಹೆಸರು ಮಾತ್ರ ತೋಳಕ್ಕೆ. ನೆನೆದರೆ ಈಗಲೂ ಮೈ ಉರಿಯುತ್ತದೆ ನನಗೆ.

ನಮ್ಮ ಹಿರಿಯರು ವರ್ಷಕ್ಕೊಂದು ಮರಿ ಹೋದರೆ ಅದರ ಪಾಲು ಅದಕ್ಕೆ ಅಂತ ಬಿಡುತ್ತಿದ್ದರು. ಬೀರಲಿಂಗೇಶ ಬಿಡಲಿಲ್ಲ. ಪಕ್ಕದ ಹೊಲದ ನಾಗೇಂದ್ರಪ್ಪನನ್ನು ಕರೆದುಕೊಂಡು ಹೋದ. ತಾಯಿತೋಳ ಹೊರಗೆ ಹೋದ ಹೊತ್ತು ನೋಡಿ ಗವಿಯ ಬಾಯಿಗೆ ಕಲ್ಲು ಬಡಿದು, ಮಣ್ಣು ಮೆತ್ತಿ ಬಂದರು. ಒಳಗೆ ಕಣ್ಣು ಬಿಡದ ಮರಿಗಳು. ನಾಗೇಂದ್ರಪ್ಪನಿಗೇನು, ಇನ್ನೆರಡು ಸಾಲು ಉಳಲು ಜಾಗ ಸಿಕ್ಕಿತು!

"ಹಾಲು ಕುಡಿಯೋ ಮರಿ ಅದಾವಲೇ ಒಳಗ. ಹೋಗಿ ಕಲ್ಲು ತೆಗಿ," ಅಂದ ಚಿಕ್ಕಪ್ಪ ಪಾಲಾಕ್ಷಪ್ಪ.

"ನಮ್ಮ ಮರಿ ಒಯ್ಯುವಾಗ ಅದು ಕೇಳಿತ್ತೇನು? ನೀ ಸುಮ್ಕಿರಪ್ಪ."

ತಾಯಿ ರಾತ್ರಿ ರಾತ್ರಿ ಬಂದು ಕಲ್ಲು ಕೆರೆಯಿತು. ಊರಿಗೆಲ್ಲ ಕೇಳುತ್ತಿತ್ತು. ಯಾರೂ ಏಳಲಿಲ್ಲ. ಕೊನೆಗೆ ಅದರ ಹೆಣ ಬಾವಿಯಲ್ಲಿ ಸಿಕ್ಕಿತು. ಉಗುರೆಲ್ಲ ಸವೆದು ಹೋಗಿದ್ದವು.

ಅದಾಗಿ ತಿಂಗಳ ಮೇಲೆ ಈ ಸಂತೆಯ ರಾತ್ರಿ.

ಬೀರಲಿಂಗೇಶ ಓಡಿ ರೊಪ್ಪಕ್ಕೆ ಬಂದ. ನಾಯಿ ಬೊಗಳಲಿಲ್ಲ, ಬಂಡಿಯ ಕೆಳಗೆ ಬಾಲ ಮುದುಡಿಕೊಂಡಿತ್ತು. ಒಂದು ಕುರಿಯೂ ಕೂಗಲಿಲ್ಲ. ಕತ್ತಲಲ್ಲಿ... ಚಪ್... ಚಪ್... ಮೊಲೆ ಚೀಪುವ ಸದ್ದು. ಕುರಿಮರಿಗಳೆಲ್ಲ ಬೇರೆ ಗೂಡಿನಲ್ಲಿದ್ದವು. ಬ್ಯಾಟರಿ ಬೆಳಕು ಬಿಟ್ಟ. ಯಾರೂ ಇಲ್ಲ. ಈದ ಕುರಿಗಳು ಮಾತ್ರ ಹಿಂಗಾಲು ಅಗಲಿಸಿ, ಅಲುಗಾಡದೆ ನಿಂತಿದ್ದವು.

ಬೆಳಿಗ್ಗೆ ಕೆಚ್ಚಲಲ್ಲಿ ಹನಿ ಹಾಲಿಲ್ಲ. ಮರುದಿನವೂ ಇಲ್ಲ. ಅವನ ಮರಿಗಳು ಅರಚಿ ಅರಚಿ ಒಂದೊಂದೇ ಸಾಯತೊಡಗಿದವು.

"ಅಪ್ಪಾ... ಏನ್ ಮಾಡ್ಲಿ?" ಪಿಸುಗುಟ್ಟಿದ.

"ಹಾರಿ ತಗೊ."

ನಾನೂ ಹೋದೆ. ಹಾರೆ ಹಾಕಿ ಕಲ್ಲು ಕಿತ್ತೆವು. ಒಳಗೆ ಮೂರು ಮರಿ ಒಂದಕ್ಕೊಂದು ಒತ್ತಿಕೊಂಡು ಸತ್ತಿದ್ದವು. ಒಣಗಿ, ಚರ್ಮ ಎಲುಬಿಗೆ ಅಂಟಿತ್ತು. ಚಿಕ್ಕಪ್ಪ ಮಗನ ಕತ್ತು ಹಿಡಿದು ಬಗ್ಗಿಸಿದ.

"ನೋಡಲೇ... ಕಣ್ಣು ಮುಚ್ಚಬ್ಯಾಡ. ನೋಡು."

ಮೂರರ ಬಾಯಲ್ಲೂ ಹಾಲಿತ್ತು. ಸುಳ್ಳು ಹೇಳಿ ನನಗೇನಾಗಬೇಕು? ನಾನೇ ಬೆರಳಿಟ್ಟು ನೋಡಿದೆ. ಬೆಚ್ಚಗಿತ್ತು.