ಗೇಟಿಗೆ ಗೇಟು ಕೂತ ನಕ್ಷೆ

ಹೇಳಿಕೆ ಕೊಡುವವರು: ನೀರು ಸರಬರಾಜು ಕಚೇರಿಯ ನಕ್ಷೆ ವಿಭಾಗದ ನಕ್ಷೆಗಾರ್ತಿ. ವಯಸ್ಸು 49. ಓದು ಹತ್ತನೇ ತರಗತಿ, ನಂತರ ಎರಡು ವರ್ಷ ನಕ್ಷೆ ಬರೆಯುವ ತರಬೇತಿ. ವಾಸ: ಕಚೇರಿಯ ಹಿಂದಿನ ಬೀದಿ, ಮೂರನೇ ಮನೆ, ಮೇಲ್ಮಹಡಿ.

ತಾವು ಕೇಳಿದ್ದರಿಂದ ಈ ಮೂಲಕ ಬರೆಸುವುದೇನೆಂದರೆ, ಈ ತಿಂಗಳ 14ರಂದು ಪಂಪ್‌ಹೌಸ್ ಬಳಿ ಪೈಪು ಹೂಳಲು ನೆಲ ಅಗೆಯುವಾಗ ವಿದ್ಯುತ್ ತಗುಲಿ ತೀರಿಕೊಂಡ ಜೆಸಿಬಿ ಚಾಲಕ ನನ್ನ ಒಡಹುಟ್ಟಿದ ತಮ್ಮ. ವಯಸ್ಸು 41. ಕಚೇರಿಯ ವರದಿಯಲ್ಲಿ ಚಾಲಕನ ಅಜಾಗರೂಕತೆಯೇ ಕಾರಣ ಎಂದು ಬರೆದಿದ್ದಾರೆ. ಅದು ಸುಳ್ಳು. ನಾನು ದಿನಚರಿ ಬರೆಯುವವಳಾದ್ದರಿಂದ ತಾರೀಖು, ಸಮಯಗಳನ್ನು ಅದರಲ್ಲಿ ನೋಡಿ ಹೇಳುತ್ತಿದ್ದೇನೆ.

ಕಳೆದ ತಿಂಗಳ 3ರಂದು ನಮ್ಮ ವಿಭಾಗದ ಹಳೆಯ ನಕ್ಷೆ ಸಾಫ್ಟ್‌ವೇರ್ ತೆಗೆದು ಹೊಸದನ್ನು ಹಾಕಿದರು. ಹಳೆಯದರಲ್ಲಿ ಪ್ರತಿ ಪೈಪು, ಪ್ರತಿ ಕೇಬಲ್ಲಿನ ಜಾಗವನ್ನು ಊರಿನ ಸರ್ವೆ ಕಲ್ಲಿನಿಂದ ಅಳೆದ ಅಂಕಿಗಳಲ್ಲಿ ಇಟ್ಟಿದ್ದೆವು. ಹೊಸದರಲ್ಲಿರುವುದು ಉಪಗ್ರಹದ ಅಳತೆ. ಒಂದೇ ಮ್ಯಾನ್‌ಹೋಲಿಗೆ ಎರಡರಲ್ಲಿ ಬೇರೆ ಬೇರೆ ಅಂಕಿ ಬರುತ್ತದೆ. ಆದ್ದರಿಂದ ಹಳೆಯ ಫೈಲನ್ನು ತೆರೆದಾಗ ಹೊಸ ಸಾಫ್ಟ್‌ವೇರ್, ಈ ಅಂಕಿಗಳು ಯಾವ ಅಳತೆಯವು ಎಂದು ಮೊದಲು ಕೇಳುತ್ತದೆ. ಸರಿಯಾಗಿ ಹೇಳಿದರೆ ಒಂದೊಂದು ಬಿಂದುವನ್ನೂ ಅದೇ ಲೆಕ್ಕ ಹಾಕಿ ಬದಲಾಯಿಸಿ ಕೊಡುತ್ತದೆ.

ಅಂದು ಬೆಳಿಗ್ಗೆ 10.40ಕ್ಕೆ ವಿಭಾಗದ ಮುಖ್ಯಸ್ಥರು ನನ್ನ ಕುರ್ಚಿಯಲ್ಲಿ ಕುಳಿತು ಆ ಪ್ರಶ್ನೆಯನ್ನು ಓದದೆ ಸರಿ ಎಂಬುದನ್ನು ಒತ್ತಿದರು. ಅವರ ಎಡಗೈಯಲ್ಲಿ ಬಿಸ್ಕತ್ತು ಇತ್ತು. ಊರಿನ ಪೈಪು, ಕೇಬಲ್ಲುಗಳೆಲ್ಲ 212 ಮೀಟರ್ ಆಚೆ, ಜನರ ಮನೆಗಳ ಮೇಲೆ ಹೋಗಿ ಬಿದ್ದವು. ನಾನು, ಸಾರ್, ಇದನ್ನು ಅಳಿಸಿ ಮೊದಲಿನಿಂದ ತರಬೇಕು ಎಂದೆ. ಅವರು, ಅಯ್ಯೋ ಬಿಡಮ್ಮ, ಮೇಜು ಸರಿಸೋಕೂ ಬಡಗಿನ ಕರೀತಾರಾ ಎಂದು ಹೇಳಿ, ಇಡೀ ನಕ್ಷೆಯನ್ನು ಮೌಸಿನಿಂದ ಎಳೆದು ತಂದು, ನಕ್ಷೆಯಲ್ಲಿದ್ದ ನಮ್ಮ ಕಚೇರಿಯ ಗೇಟನ್ನು ಉಪಗ್ರಹ ಚಿತ್ರದ ಗೇಟಿನ ಮೇಲೆ ಕೂರಿಸಿದರು. ನೋಡು, ಗೇಟಿಗೆ ಗೇಟು ಕೂತ್ಕೊಳ್ತು, ಇದಕ್ಕೆ ಕಂಪನಿಯವರು ಮೂರು ದಿನ ತರಬೇತಿ ಬೇರೆ ಕೊಡ್ತಾರಂತೆ ಎಂದು ನಕ್ಕರು. ಆ ಬಿಸ್ಕತ್ತಿನ ಪುಡಿ ನನ್ನ ಕೀಬೋರ್ಡಿನ ಸಂದಿಗಳಲ್ಲಿ ಈಗಲೂ ಇದೆ.

ಎರಡು ಅಳತೆಗಳ ನಡುವೆ ತುಸು ಓರೆಯೂ ಇದೆ. ನಕ್ಷೆಯನ್ನು ಎಳೆದು ಕೂರಿಸಿದರೆ ಆ ಓರೆ ಹೋಗುವುದಿಲ್ಲ. ಗೇಟಿನ ಬಳಿ ಎಲ್ಲವೂ ಸರಿ ಕಾಣುತ್ತದೆ, ಗೇಟಿನಿಂದ ದೂರ ಹೋದಷ್ಟೂ ತಪ್ಪು ಬೆಳೆಯುತ್ತದೆ.

5ರಂದು ಮಧ್ಯಾಹ್ನ 3.15ಕ್ಕೆ ನಾನು ನಕ್ಷೆಯಲ್ಲಿನ ಪಂಪ್‌ಹೌಸಿನ ಗೋಡೆಯ ಮೂಲೆಯನ್ನು ಉಪಗ್ರಹ ಚಿತ್ರದ ಜೊತೆ ತಾಳೆ ನೋಡಿದೆ. ಅದು ಕಚೇರಿಯಿಂದ 5.2 ಕಿ.ಮೀ. ದೂರವಿದೆ. ತಪ್ಪು 3.1 ಮೀಟರ್ ಇತ್ತು. ಮುಖ್ಯಸ್ಥರನ್ನು ಕರೆದು ತೋರಿಸಿದೆ. ಅವರು, ಚಿತ್ರ ಸ್ವಲ್ಪ ವಾಲಿರುತ್ತೆ, ಗೋಡೆ ಎಲ್ಲೂ ಓಡಿಹೋಗಿಲ್ಲ, ಎಲ್ಲದಕ್ಕೂ ರಾಗ ತೆಗೀಬೇಡ ಎಂದರು. ಪರಿಶೀಲಿಸಿದೆ ಎಂಬ ಕಾಲಂನಲ್ಲಿ ಸಹಿ ಹಾಕಲು ಹೇಳಿದರು. 4.05ಕ್ಕೆ ಹಾಕಿದೆ.

ಅಂದು ಸಂಜೆ ತಮ್ಮ ನನ್ನ ಮನೆಗೆ ಬಂದಿದ್ದ. ಹೊಸ ನಕ್ಷೆಯ ವಿಷಯ ಕೇಳಿ, ಅಕ್ಕ, ನಿಮ್ಮೋರು ಕಂಪ್ಯೂಟರ್ ಬದಲಾಯಿಸಿದ್ರೆ ನೆಲದೊಳಗಿನ ಕೇಬಲ್ಲೂ ಎದ್ದು ಪಕ್ಕಕ್ಕೆ ಹೋಗುತ್ತಾ ಎಂದು ತಮಾಷೆ ಮಾಡಿದ. ನಾನೂ ನಕ್ಕೆ. ಸಹಿಯ ವಿಷಯ ಹೇಳಲಿಲ್ಲ.

ಈ ತಿಂಗಳ 14ರಂದು ಬೆಳಿಗ್ಗೆ 8.50ಕ್ಕೆ ತಮ್ಮ ಫೋನ್ ಮಾಡಿದ. ಇವತ್ತು ಪಂಪ್‌ಹೌಸ್ ಹತ್ರ ಅಗೀತಿದೀವಿ, ನಕ್ಷೆ ಸರಿ ಇದೆ ತಾನೇ ಎಂದು ಕೇಳಿದ. ಕೇಬಲ್ ಹುಡುಕುವ ಉಪಕರಣ ನಮ್ಮ ಕಚೇರಿಯಲ್ಲಿ ಇಲ್ಲ, ನಕ್ಷೆಯೇ ಆಧಾರ. ಮುಖ್ಯಸ್ಥರು ನನ್ನ ಮೇಜಿಗೆ ಒರಗಿ ಹಲ್ಲು ಕೆದಕುತ್ತ ನಿಂತಿದ್ದರು. ನಾನು, ಸರಿ ಇದೆ ಕಣೋ, ಕೇಬಲ್ ಗೆರೆಯಿಂದ ದಕ್ಷಿಣಕ್ಕೆ ಎರಡು ಮೀಟರ್ ಬಿಟ್ಟು ಅಗಿ ಎಂದೆ. ಅವನು ಆಯ್ತಕ್ಕ ಎಂದ. ಕರೆ 47 ಸೆಕೆಂಡಿನದು.

11.25ಕ್ಕೆ ಜೆಸಿಬಿ ಬಕೆಟ್ಟಿನ ಹಲ್ಲು ವಿದ್ಯುತ್ ಕೇಬಲ್ಲಿಗೆ ತಾಗಿತು. ಏನು ತಾಗಿತೆಂದು ನೋಡಲು ತಮ್ಮ ಕೆಳಗಿಳಿದ. ಒಂದು ಕೈ ಯಂತ್ರದ ಹಿಡಿಯ ಮೇಲೆ ಇರುವಾಗಲೇ ಕಾಲನ್ನು ನೆಲಕ್ಕೆ ಇಟ್ಟ.

ನಾನು 12.20ರಿಂದ ಸಂಜೆ 6ರವರೆಗೆ ಆಸ್ಪತ್ರೆಯ ಶವಾಗಾರದ ಹೊರಗಿನ ಬೆಂಚಿನ ಮೇಲಿದ್ದೆ. ಅದೇ ದಿನ ಮಧ್ಯಾಹ್ನ 2.10ಕ್ಕೆ ನನ್ನ ಪಾಸ್‌ವರ್ಡ್ ಬಳಸಿ, ನನ್ನ ಕಂಪ್ಯೂಟರಿನಲ್ಲಿ, ಹಳೆಯ ಫೈಲನ್ನು ಮೊದಲಿನಿಂದ ತಂದು ಸರಿಯಾಗಿ ಪರಿವರ್ತಿಸಿದ್ದಾರೆ. ಇದು ಸಾಫ್ಟ್‌ವೇರಿನ ದಾಖಲೆಯಲ್ಲೇ ಇದೆ. ಇಪ್ಪತ್ತಾರು ನಿಮಿಷದಲ್ಲಿ ಕೆಲಸ ಮುಗಿದಿದೆ. ಈಗ ನಕ್ಷೆ ತೆರೆದರೆ ಕೇಬಲ್ಲು ನನ್ನ ತಮ್ಮ ಅಗೆದ ಜಾಗದಲ್ಲೇ ಕಾಣುತ್ತದೆ, ಕಣ್ಣಿದ್ದೂ ನೋಡದೆ ಅಗೆದ ಎನ್ನುವ ಹಾಗೆ.

16ರಂದು ಸಂಜೆ 5.20ಕ್ಕೆ ಮುಖ್ಯಸ್ಥರು ನನ್ನ ಮನೆಗೆ ಬಂದರು. ಎರಡು ಲೋಟ ಟೀ ಕುಡಿದರು. ಅಲ್ಲೇ ಇದ್ದ ನನ್ನ ತಮ್ಮನ ಹೆಂಡತಿಗೆ, ಏನ್ಮಾಡೋದಮ್ಮ, ಕೈಲಿ ಯಂತ್ರ ಇದ್ರೆ ಈ ಡ್ರೈವರ್‌ಗಳಿಗೆ ನೆಲ ಕಾಣಲ್ಲ ಎಂದರು. ಅವಳು ಎದ್ದು ಒಳಗೆ ಹೋದಳು. ನನ್ನನ್ನು ಮೆಟ್ಟಿಲ ಬಳಿ ಕರೆದು, ಅವನ ಹತ್ರ ಇದ್ದ ನಕ್ಷೆ ಪ್ರಿಂಟು ಸಿಕ್ರೆ ನಂಗೆ ಕೊಟ್ಬಿಡು, ನಿನ್ ಸಹಿನೂ ಇದೆ ನೋಡು, ನಿನ್ ಒಳ್ಳೇದಕ್ಕೇ ಹೇಳ್ತಿರೋದು ಎಂದರು. ನಂತರ ನಮ್ಮ ಟವೆಲಿನಲ್ಲಿ ಬಾಯಿ ಒರೆಸಿಕೊಂಡು ಹೋದರು. ನಾನು ಆ ಟವೆಲನ್ನು ಒಗೆಯಲಿಲ್ಲ. ಇಕ್ಕಳದಿಂದ ಎತ್ತಿ ಕಸಕ್ಕೆ ಹಾಕಿದೆ.

ಆ ಪ್ರಿಂಟು ತಮ್ಮನ ಅಂಗಿಯ ಜೇಬಿನಲ್ಲಿ ಇತ್ತು. ಆಸ್ಪತ್ರೆಯವರು ವಾಚು, ಕೀಲಿಗಳ ಜೊತೆ ಕೊಟ್ಟರು. ಅದನ್ನು ಇದರೊಂದಿಗೆ ಹಾಜರುಪಡಿಸಿದ್ದೇನೆ. ಅದರಲ್ಲಿ ಪೆನ್ಸಿಲಿನಿಂದ ಅವನು ಹಾಕಿದ ಗೆರೆ ಇದೆ.

17ರಂದು ಬೆಳಿಗ್ಗೆ 10.15ಕ್ಕೆ ಆ ಪ್ರಿಂಟು ಹಿಡಿದು, 14ರಂದು ತಮ್ಮನ ಜೊತೆಗಿದ್ದ ಕೆಲಸದ ಮೇಸ್ತ್ರಿಯೊಂದಿಗೆ ಆ ಜಾಗವನ್ನು ಟೇಪಿನಿಂದ ಅಳೆದೆ. ನಕ್ಷೆಯ ಕೇಬಲ್ ಗೆರೆಯಿಂದ ತಮ್ಮ ಬಿಟ್ಟಿದ್ದ ಅಂತರ ಎರಡು ಮೀಟರ್ ಅಲ್ಲ, ಮೂರು. ಯಾಕೆಂದು ಕೇಳಿದೆ. ಮೇಸ್ತ್ರಿ ಟೇಪು ಸುತ್ತಿಟ್ಟ. ಆಮೇಲೆ, ಎರಡು ಸಾಕು ಕಣಯ್ಯ ಅಂತ ನಾನೇ ಅಂದೆ, ಅವನು, ಫೋನಲ್ಲಿ ಅಕ್ಕನ ದನಿ ಯಾಕೋ ಸರಿಯಿರ್ಲಿಲ್ಲ, ಇನ್ನೊಂದು ಮೀಟರ್ ಆಚೆಗೇ ಹೋಗೋಣ ಅಂದ ಎಂದು ಹೇಳಿದ. ನಿಜವಾದ ಕೇಬಲ್ಲು ಇದ್ದದ್ದು ಗೆರೆಯಿಂದ ದಕ್ಷಿಣಕ್ಕೆ 3.1 ಮೀಟರಿನಲ್ಲಿ. ನಾನು ಹೇಳಿದಷ್ಟೇ ಬಿಟ್ಟು ಅಗೆದಿದ್ದರೆ ಅವನು ಉಳಿಯುತ್ತಿದ್ದ.

ಆದ್ದರಿಂದ ವರದಿಯಲ್ಲಿ ಅಜಾಗರೂಕತೆ ಎಂಬ ಮಾತು ಅವನ ಹೆಸರಿನ ಮುಂದಿನಿಂದ ತೆಗೆಯಬೇಕೆಂದು ಕೋರುತ್ತೇನೆ. ಆ ದಿನ ಅಲ್ಲಿ ಜಾಗರೂಕತೆಯಿಂದ ಇದ್ದವನು ಅವನೊಬ್ಬನೇ. ಆ ಮಾತನ್ನು ಮುಖ್ಯಸ್ಥರ ಹೆಸರಿನ ಮುಂದೆ ಬರೆಯಿರಿ. ಅದರ ಕೆಳಗೆ ನನ್ನ ಹೆಸರನ್ನೂ ಬರೆಯಿರಿ.

ಮೇಲೆ ಬರೆದಿರುವುದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಿಜವಿದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಈ ತಿಂಗಳ 19, ಬೆಳಿಗ್ಗೆ 11.40
ಸಹಿ: ಪರಿಶೀಲನೆಯ ಕಾಲಂನಲ್ಲಿ ಇರುವುದೂ ಇದೇ ಸಹಿ.