ಹಿಮದ ಮೇಲೆ ಗಾಳಿಯ ಸಾಕ್ಷಿ

ಅಯ್ಯೋ, ಮತ್ತೆ ಅದೇ ಪ್ರಶ್ನೆ! ಹೇಳಿದ್ನಲ್ಲಾ, ಕೇಳಿಸ್ಲಿಲ್ಲ ಅಂತ. ಗಾಳಿ ಇತ್ತು ಕಣೇ ನೆಲಿಡಾ, ಗಾಳಿ! ನೆಲಕ್ಕೇ ಅಂಟ್ಕೊಂಡು, ಹಿಮದ ಪುಡಿ ಎಬ್ಬಿಸ್ಕೊಂಡು ಸುತ್ತುತ್ತಿತ್ತು. ಅಂಥಾದ್ರಲ್ಲಿ ಅಲ್ಲೆಲ್ಲೋ ಎಣ್ಣೆ ಪೀಪಾಯಿಗಳ ಹತ್ರ ಕಾಲು ಮುರ್ಕೊಂಡು ಬಿದ್ದಿದ್ದ ರೂಫಿನೋ ಕೂಗಿದ್ರೆ ನನ್ನ ಅಡುಗೆಮನೆಗೆ ಕೇಳತ್ತಾ?

ಯಾಕೆ ಹಾಗೆ ನೋಡ್ತೀಯ? ತಗೋ, ಮಾಟೆ ಕಷಾಯ ಕುಡಿ, ಆರಿಹೋಗತ್ತೆ. ಕುಡಿದು ಸೋರೆಬುರುಡೆ ಈ ಕಡೆ ಕೊಡು, ಆಮೇಲೆ ನನ್ನ ಸರದಿ.

ನಿಜ ಹೇಳು ತಾಯಿ, ಯಾರು ಕಳಿಸಿದ್ದು ನಿನ್ನ? ಕಮಾಂಡರ್ರಾ? ಬೆಳಗ್ಗೆಯಿಂದ ನೋಡ್ತಾನೇ ಇದ್ದೀನಿ, ನಾನು ಪಾತ್ರೆ ಹಿಡ್ಕೊಂಡು ಬಂದ್ರೆ ಸಾಕು, ಊಟದ ಮೇಜಲ್ಲಿ ಮಾತು ನಿಂತೋಗತ್ತೆ. ಬೆನ್ನು ತಿರುಗಿಸಿದ್ರೆ ಗುಸುಗುಸು. ಸಾರಿಗೆ ಉಪ್ಪು ಜಾಸ್ತಿ ಅಂತಲ್ಲ, ಅಷ್ಟು ಗೊತ್ತಾಗತ್ತೆ ನನಗೆ! ರೂಫಿನೋ ಹಾಗೆ ಮಲಗಿದ್ದಾನೆ, ಕಣ್ಣು ಬಿಟ್ಟಿಲ್ಲ, ಹಿಮ ಕೊರೆದು ಬೆರಳೆಲ್ಲಾ ಕಪ್ಪಾಗಿವೆ... ನನಗೆ ಸಂಕಟ ಇಲ್ವಾ? ಎಚ್ಚರ ಆದ್ರೆ ಏನು ಹೇಳ್ತಾನೋ ಅಂತ... ಅಂದ್ರೆ, ಎಚ್ಚರ ಆದ್ರೆ ಸಾಕಪ್ಪಾ ಅಂತ.

ನಗಬೇಡ. ನಗ್ತಿಲ್ವಾ? ತುಟಿ ಅಲುಗಾಡ್ತು, ನಾನು ನೋಡಿದೆ.

ಗೊತ್ತು, ಗೊತ್ತು! ಗಾಳಿ ಓದೋಕೆ ಅಂತ ಧ್ರುವಕ್ಕೆ ಬಂದೋಳು ನೀನು, ನಿನ್ನ ಪಾಠ ಕೇಳಿ ಕೇಳಿ ನನಗೂ ಬಾಯಿಪಾಠ ಆಗಿದೆ. ಗಾಳಿ ಮಲಗಿದ ದಿನ ನೆಲದ ಹತ್ರ ಕೊರೆಯೋ ಚಳಿ, ಮೇಲೆ ಸ್ವಲ್ಪ ಬೆಚ್ಚಗೆ. ಸದ್ದು ಮೇಲಕ್ಕೆ ಹೋಗದೆ ಬಾಗಿ ಕೆಳಗೇ ಬರತ್ತೆ. ಅಂಥ ದಿನ ಪೀಪಾಯಿ ಹತ್ರ ಯಾರಾದ್ರೂ ಕೆಮ್ಮಿದ್ರೂ ಇಲ್ಲಿಗೆ ಕೇಳತ್ತೆ. ಗಾಳಿ ಕದಡಿದ್ರೆ ಸದ್ದೂ ಚೂರುಚೂರು. ನಾನೂ ಅದನ್ನೇ ಬಡ್ಕೋತಿರೋದು! ಅವತ್ತು ಎಲ್ಲಾ ಕದಡಿಹೋಗಿತ್ತು. ಕಂಬದ ಮೇಲಿನ ನಿನ್ನ ಯಂತ್ರಕ್ಕೆ ಮಂಜು ಕಟ್ಕೊಂಡು ಅವತ್ತಿನ ಗಾಳಿ ಅಳೆಯೋಕೇ ಆಗ್ಲಿಲ್ಲ ಅಂತ ನೀನೇ ಗೋಳಾಡಿದ್ಯಲ್ಲ? ಮತ್ತೆ ನನ್ನ ಮಾತು ಸುಳ್ಳು ಅಂತ ಯಾವ ಬಾಯಲ್ಲಿ ಹೇಳ್ತೀಯ?

ಹೊರಗೆ ನಿಂತಿದ್ದೆ, ಹೌದು. ಆ ಹೊತ್ತಿಗೇ. ಒಂದು ಸಿಗರೇಟು ಸೇದೋಕೆ. ಅಡುಗೆಯವನು ಅದಕ್ಕೂ ಲೆಕ್ಕ ಕೊಡ್ಬೇಕಾ? ಅದನ್ನೂ ಸುಖವಾಗಿ ಸೇದೋಕಾಗ್ಲಿಲ್ಲ. ಬಿಟ್ಟ ಹೊಗೆ ಮುಖದ ಮುಂದಿಂದ ಕದಲಲೇ ಇಲ್ಲ ಮಾರಾಯ್ತಿ, ಅಲ್ಲೇ ನಿಂತುಬಿಡ್ತು! ಕಣ್ಣೆಲ್ಲಾ ಉರಿ. ಕೈಯಲ್ಲಿ ಬೀಸಿ ಬೀಸಿ ಸಾಕಾಯ್ತು...

ಏನಾಯ್ತು? ಬುರುಡೆ ಯಾಕೆ ಕೆಳಗಿಟ್ಟೆ?

ಕುಡಿಯಲ್ವಾ? ನೆಲಿಡಾ?

ಹೊಗೆ ಅಂದೆ, ಅಷ್ಟೇ... ಹೊಗೆ ನಿಂತಿತ್ತು ಅಂದ್ರೆ... ಗಾಳಿ ಇರ್ಲಿಲ್ಲ ಅಂತಲ್ಲ, ಕೇಳು... ಏನಾದ್ರೂ ಮಾತಾಡೇ! ಬೈದುಬಿಡು, ಬೇಕಾದ್ರೆ ಹೊಡಿ. ಹೀಗೆ ನೋಡ್ಬೇಡ, ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ.

ಇಸ್ಪೀಟು ಹಿಡಿದು ತ್ರೂಕೋ ಆಡುವಾಗ ನೋಡಿಲ್ವಾ ನೀನು ರೂಫಿನೋನ? ಕೈಯಲ್ಲಿ ಒಂದು ಒಳ್ಳೇ ಎಲೆ ಇಲ್ದಿದ್ರೂ ಗಂಟಲು ಹರ್ಕೊಂಡು ಕೂಗಿ ಕೂಗಿ ದಿನಾ ನಮ್ಮನ್ನ ಬೇಸ್ತು ಬೀಳಿಸೋನು. ಅವತ್ತೂ ಹಾಗೇ, ‘ಎವಾರಿಸ್ತೋ, ಎವಾರಿಸ್ತೋ’ ಅಂತ ನನ್ನ ಹೆಸರೇ ಹಿಡಿದು... ಹೋಗೋ, ಇವತ್ತು ನಿನ್ನ ಆಟ ನಡೆಯಲ್ಲ ಅಂತ ನಕ್ಕೊಂಡು ಬಾಗಿಲು ಹಾಕ್ಕೊಂಡೆ ಕಣೇ... ನಕ್ಕೊಂಡು.